ಬಾಕಿ ಉಳಿದ ಗಟ್ಟಿಮೇಳ

"ಅಮ್ಮಾ, ಮಾತಿಗೆ ತಪ್ಪಿದವನು ನಷ್ಟ ಕಟ್ಟಿಕೊಟ್ಟರೆ ಅಲ್ಲಿಗೆ ಎಲ್ಲ ಸರಿಹೋದಂತಲ್ಲವೆ?" ಎಂದು ಶಿಷ್ಯ ಕೇಳಿದ.

ದಾರಿ ತೋರಿಸಲು ಒಪ್ಪಿದ್ದವನು ಕೈಕೊಟ್ಟಿದ್ದ. ಗುರುವಮ್ಮ, ಶಿಷ್ಯ ಇಬ್ಬರೂ ದಾರಿ ತಪ್ಪಿ, ಕುರಿ ಕಾಯುವವನೊಬ್ಬನನ್ನು ಕೇಳಿಕೊಂಡು, ಅವನು ಕೈತೋರಿದ ಕಡೆ ನಡೆಯುತ್ತಿದ್ದರು. ಗುರುವಮ್ಮ ನಿಲ್ಲದೆ ಕತೆ ಹೇಳಿದರು.

ಒಬ್ಬ ನೇಕಾರ ಮಗಳ ಮದುವೆಗೆಂದು ವಾಲಗದವನೊಬ್ಬನಿಗೆ ಮುಂಗಡ ಕೊಟ್ಟು ಒಪ್ಪಿಸಿದ. ಮದುವೆಯ ದಿನ ಅವನು ಬರಲಿಲ್ಲ. ಪಕ್ಕದೂರಿನ ಸಾಹುಕಾರನ ಮನೆಯಲ್ಲಿ ಹೆಚ್ಚು ಸಿಗುತ್ತಿತ್ತು, ಅಲ್ಲಿಗೆ ಹೋದ. ತಾಳಿ ಕಟ್ಟುವಾಗ ಗಟ್ಟಿಮೇಳ ಊದಿಸುವುದು ಬರೀ ಸಂಭ್ರಮಕ್ಕಲ್ಲ. ಯಾರಾದರೂ ಸೀನಿದರೆ ಕೇಳಿಸದಿರಲಿ ಎಂದೂ ಹೌದು. ಮೇಳವಿರಲಿಲ್ಲ. ವರ ತಾಳಿ ಎತ್ತಿದ. ಯಾರೋ ಸೀನಿದ್ದು ಚಪ್ಪರದ ತುಂಬ ಕೇಳಿಸಿತು. ಸೀನಿದವನು ವರನ ಸ್ವಂತ ಸೋದರಮಾವ. ಆದರೂ ಅಪಶಕುನ ಹೆಣ್ಣಿನ ತಲೆಗೆ ಬಂತು. ತಾಳಿ ಕಟ್ಟದೆಯೇ ದಿಬ್ಬಣ ಎದ್ದು ಹೋಯಿತು.

ನೇಕಾರ ಊರಗೌಡನ ಮುಂದೆ ದೂರಿಟ್ಟ.

"ಊದುತ್ತೇನೆಂದಿದ್ದೆ, ಊದಲಿಲ್ಲ, ತಪ್ಪಾಯಿತು. ಯಾರೂ ಸೀನದಂತೆ ಕಾಯುತ್ತೇನೆಂದು ಒಪ್ಪಿದ್ದೆನೆ, ಗೌಡರೆ?" ಎಂದ ವಾಲಗದವನು. ಸೇರಿದವರು ನಕ್ಕರು.

"ಸೀನಿಗೆ ಹೆದರಿಯೇ ಅಲ್ಲವೇನೋ ನಿನ್ನನ್ನು ಕರೆಯುವುದು!" ಎಂದ ಗೌಡ. "ಮುಂಗಡ ವಾಪಸು ಕೊಡು. ಈ ಹುಡುಗಿಯ ಮದುವೆ ಎಂದು ನಡೆದರೂ ಕಾಸು ಮುಟ್ಟದೆ ಬಂದು ಊದು. ಅಲ್ಲಿಯವರೆಗೆ ಈ ಋಣ ನಿನ್ನ ಮೇಲೆ."

ತೀರ್ಪೆಂದರೆ ಇದು ಎಂದು ಹೊಗಳುತ್ತ ಜನ ಊಟಕ್ಕೆ ಹೋದರು. ಹುಡುಗಿಯನ್ನು ಯಾರೂ ಏನೂ ಕೇಳಲಿಲ್ಲ.

ತಾಳಿ ಎತ್ತಿ ಇಳಿಸಿದ ಹೆಣ್ಣನ್ನು ನೋಡಲು ಮತ್ತೆ ಯಾರೂ ಬರಲಿಲ್ಲ. ಬರುತ್ತಿದ್ದವನು ವಾಲಗದವನೊಬ್ಬನೇ. ಪ್ರಾಮಾಣಿಕ ಮನುಷ್ಯ. ಲಗ್ನದ ಕಾಲ ಬಂತೆಂದರೆ ಬಾಗಿಲಲ್ಲಿ ನಿಂತು, "ಈ ವರ್ಷವಾದರೂ ಉಂಟೇನಮ್ಮ ಮದುವೆ?" ಎಂದು ಕೇಳುವನು. ನೇಕಾರ ತೀರಿಕೊಂಡ. ಅವಳ ತಲೆ ನರೆಯಿತು. ಅವನು ಆಗಲೂ ಬಂದ.

"ಉಸಿರು ಸಾಲುತ್ತಿಲ್ಲ, ತಾಯಿ. ಈ ಋಣ ಹೊತ್ತುಕೊಂಡು ಹೇಗೆ ಸಾಯಲಿ?" ಎಂದ.

ಅವಳು ಮಗ್ಗದಿಂದ ಎದ್ದು ಬಂದಳು. "ಊದು ಮಾವ, ಇಲ್ಲೇ."

"ಮದುವೆಯಿಲ್ಲದೆ?"

"ಊದು."

ಅವನು ಅಂಗಳದಲ್ಲಿ ನಿಂತು ಗಟ್ಟಿಮೇಳ ಊದಿದ. ಯಾರ ಮದುವೆ, ಯಾರ ಮದುವೆ ಎನ್ನುತ್ತ ನೆರೆಯವರು ಓಡಿ ಬಂದರು. ಮುಗಿಯುವವರೆಗೂ ಅವಳು ಹೊಸ್ತಿಲಲ್ಲಿ ನಿಂತಿದ್ದಳು. ಆಮೇಲೆ ಎಲೆಯಡಿಕೆ ಕೊಟ್ಟು ಕಳಿಸಿದಳು. ಅವನು ಕಣ್ಣೊರೆಸಿಕೊಂಡು ಹಗುರಾಗಿ ನಡೆದುಹೋದ.

"ಹಾಗಾದರೆ ಕೊನೆಗೂ ತೀರಿತಲ್ಲ, ಅಮ್ಮಾ," ಎಂದ ಶಿಷ್ಯ.

"ಅವನದು ತೀರಿತು," ಎಂದರು ಗುರುವಮ್ಮ.