ಹತ್ತಿ ವರ್ತಕನ ಬೇಟೆನಾಯಿ

"ಗುರುಗಳೇ, ಸಾಕಿದ ಪ್ರಾಣಿಯ ಆರೈಕೆಗೆ ಒಡೆಯನಾದವನು ಎಷ್ಟರವರೆಗೆ ಖರ್ಚು ಮಾಡಬಹುದು?"

ಶಿಷ್ಯ ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ಅವನ ಅಣ್ಣ ಮುದಿ ಕುದುರೆಯ ಕಾಲಿನ ಚಿಕಿತ್ಸೆಗೆಂದು ಹೊಲ ಮಾರಿದ್ದ. ತಂದೆ ಅದನ್ನು ಹುಚ್ಚು ಎಂದಿದ್ದರು. ಅಣ್ಣ ಪ್ರೀತಿ ಎಂದಿದ್ದ. ಮನೆಯಲ್ಲಿ ಇಬ್ಬರ ನಡುವೆ ಮಾತು ನಿಂತುಹೋಗಿತ್ತು.

"ಯಾವುದಕ್ಕಾದರೂ ಒಂದು ಮಿತಿ ಇರಬೇಕಲ್ಲವೆ? ತಾವು ಹೇಳಿದರೆ ಊರಿಗೆ ಹೋಗಿ ಇಬ್ಬರಿಗೂ ತಿಳಿಸುತ್ತೇನೆ."

ಗುರುಗಳು ಮಿತಿ ಹೇಳಲಿಲ್ಲ. ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಹತ್ತಿ ವರ್ತಕನಿದ್ದ. ಹಿರಿಯರು ಬಿಟ್ಟುಹೋದ ಗಂಟು ಅವನಿಗಿರಲಿಲ್ಲ. ತಲೆಯ ಮೇಲೆ ಮೂಟೆ ಹೊತ್ತು ಮೇಲೆ ಬಂದವನು. ಅವನು ತೂಗಿದ್ದನ್ನು ಯಾರೂ ಮರುತೂಕ ಹಾಕುತ್ತಿರಲಿಲ್ಲ. ಅಗ್ಗದ್ದು ತನ್ನ ಹೊಸ್ತಿಲು ದಾಟಬಾರದು ಎಂಬುದು ಅವನ ಹಟ.

ಆ ಪೇಟೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಮಾರುವವನೂ ಕೊಳ್ಳುವವನೂ ಕೈಗೆ ಕೈ ಕೊಟ್ಟು ಮೇಲೊಂದು ವಲ್ಲಿ, ಅಂದರೆ ಹೆಗಲ ವಸ್ತ್ರ, ಹೊದಿಸುತ್ತಿದ್ದರು. ವಲ್ಲಿಯ ಕೆಳಗೆ ಬೆರಳು ಹಿಡಿದು ಬೆಲೆ ಸೂಚಿಸಿಯೇ ವ್ಯಾಪಾರ ಮುಗಿಯುತ್ತಿತ್ತು. ಸುತ್ತ ನಿಂತವರಿಗೆ ಕಾಣುತ್ತಿದ್ದದ್ದು ಇಬ್ಬರ ಮುಖ ಮಾತ್ರ. ವರ್ತಕನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಹಾಗಾಗಿ ಜನ ತಮಗೆ ತೋಚಿದ ಬೆಲೆ ಹೇಳಿಕೊಳ್ಳುತ್ತಿದ್ದರು. ಅದು ನಿಜವಾದ ಬೆಲೆಗಿಂತ ಯಾವಾಗಲೂ ಹೆಚ್ಚೇ ಇರುತ್ತಿತ್ತು. ವರ್ತಕ ಅದನ್ನು ತಿದ್ದುತ್ತಿರಲಿಲ್ಲ.

ಹೀಗೆಯೇ ವಲ್ಲಿಯ ಕೆಳಗೆ ಬೆರಳು ಹಿಡಿದು ಅವನು ಒಂದು ಬೇಟೆನಾಯಿಯ ಮರಿ ತಂದ. ಹೆಸರಾದ ತಳಿ. ಸಣ್ಣ ನಡು, ಉದ್ದ ಕಾಲು, ಆಳವಾದ ಎದೆ. ಒಬ್ಬರು ಜೋಡೆತ್ತಿನ ಬೆಲೆ ಕೊಟ್ಟನೆಂದರು. ಇನ್ನೊಬ್ಬರು ಮನೆಯ ಬೆಲೆ ಎಂದರು. ವರ್ತಕ ನಕ್ಕ. ಮರಿಗೆ ಹೀರಾ ಎಂದು ಹೆಸರಿಟ್ಟ.

ಹೀರಾ ಮಲಗಿದ್ದು ಗಿಡದಿಂದ ಮೊದಲ ಸಲ ಬಿಡಿಸಿದ ಹತ್ತಿಯ ಹಾಸಿಗೆಯ ಮೇಲೆ. ಉಂಡದ್ದು ಬೆಳ್ಳಿ ಬಟ್ಟಲಲ್ಲಿ. ಕೆನೆಹಾಲು, ತುಪ್ಪ, ನೆನೆಸಿ ಸಿಪ್ಪೆ ತೆಗೆದ ಬದಾಮಿ. ಬಿಸಿಲುಗಾಲದಲ್ಲಿ ಬೀಸಣಿಗೆ ಹಿಡಿಯಲು ಒಬ್ಬ ಆಳು. ಮುಳ್ಳು ಚುಚ್ಚೀತೆಂದು ಅದನ್ನು ಹೊಲಕ್ಕೆ ಬಿಡುತ್ತಿರಲಿಲ್ಲ. ಬೀದಿನಾಯಿಗಳ ಸಹವಾಸವಾದೀತೆಂದು ಬೀದಿಗೂ ಬಿಡುತ್ತಿರಲಿಲ್ಲ. ಎತ್ತರದ ಗೋಡೆಯ ಅಂಗಳವೇ ಅದರ ಲೋಕ. ನೆಂಟರು ಬಂದರೆ ವರ್ತಕ ಮೊದಲು ಹೀರಾನನ್ನು ತೋರಿಸುತ್ತಿದ್ದ, ಆಮೇಲೆ ಮಕ್ಕಳನ್ನು ಕರೆಯುತ್ತಿದ್ದ.

ಪ್ರೀತಿ ಇರಲಿಲ್ಲವೆಂದಲ್ಲ. ಹೀರಾ ಮರಿಯಾಗಿದ್ದ ಕಾಲದಲ್ಲಿ ಅದಕ್ಕೆ ಜ್ವರ ಬಂದಾಗ ವರ್ತಕ ಪೇಟೆಯ ವ್ಯಾಪಾರ ಬಿಟ್ಟು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆ ಪ್ರೀತಿ ಸುಳ್ಳಲ್ಲ. ಅವನ ಜಂಬವೂ ಸುಳ್ಳಲ್ಲ. ಎರಡೂ ಹಾಲಿಗೆ ಹಾಲು ಬೆರೆತಂತೆ ಬೆರೆತಿದ್ದವು. ಯಾವುದು ಯಾವುದೆಂದು ಅವನಿಗೇ ತಿಳಿಯುತ್ತಿರಲಿಲ್ಲ.

ಕೆಲವು ವರ್ಷ ಕಳೆದವು. ಹೀರಾನ ಸಣ್ಣ ನಡು ಕಾಣದಾಯಿತು. ಕೂತಲ್ಲೇ ಏದುಸಿರು ಬಿಡತೊಡಗಿತು. ಒಂದು ದಿನ ಹಿಂಗಾಲು ಮಡಚಿಕೊಂಡು ಬಿತ್ತು. ಎತ್ತಿ ನಿಲ್ಲಿಸಿದರೂ ನಿಲ್ಲಲಿಲ್ಲ.

ವರ್ತಕ ವೈದ್ಯರನ್ನು ಕರೆಸಿದ. ಮೊದಲು ಬಂದವನು ಮುತ್ತಿನ ಭಸ್ಮ ತಿನ್ನಿಸಿದ. ಅವನ ಬಳಿಕ ಬಂದವನು ಕಸ್ತೂರಿ ಬೆರೆಸಿದ ಎಣ್ಣೆ ತಿಕ್ಕಿದ. ಒಬ್ಬೊಬ್ಬನ ದಕ್ಷಿಣೆಯೂ ಹಿಂದಿನವನಿಗಿಂತ ಹೆಚ್ಚು. ದಕ್ಷಿಣೆ ಹೆಚ್ಚಿದಷ್ಟೂ ವರ್ತಕನಿಗೆ ಧೈರ್ಯ ಬರುತ್ತಿತ್ತು. ಒಳ್ಳೆಯ ಹತ್ತಿಗೆ ಹೆಚ್ಚು ಬೆಲೆ. ಹೆಚ್ಚು ಬೆಲೆ ಕೊಟ್ಟರೆ ಒಳ್ಳೆಯದೇ ಸಿಗಬೇಕು. ಜೀವಮಾನವಿಡೀ ಪೇಟೆ ಅವನಿಗೆ ಕಲಿಸಿದ್ದ ಪಾಠ ಇದೊಂದೇ. ಪೇಟೆಯಲ್ಲಿ ಅದು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಹೀರಾ ಏಳಲಿಲ್ಲ. ಬೆಳ್ಳಿ ಬಟ್ಟಲಿನ ಹಾಲು ಹಾಗೇ ಉಳಿಯತೊಡಗಿತು.

ಕೊನೆಗೆ ಅರಮನೆಯ ಲಾಯದ ವೈದ್ಯರು ಬಂದರು. ವಯಸ್ಸಾದವರು. ಹೊಟ್ಟೆ ಒತ್ತಿ ನೋಡಿದರು. ಪಾದಗಳನ್ನು ಎತ್ತಿ ಅಡಿಭಾಗ ಮುಟ್ಟಿದರು. ಅದು ಎಳೆಮಗುವಿನ ಅಂಗಾಲಿನಷ್ಟು ಮೆತ್ತಗಿತ್ತು.

"ಇದಕ್ಕ ಔಷಧ ಇಲ್ಲ, ಸಾವ್ಕಾರ್ರ. ಇದು ಓಡೋ ಜಾತಿ, ಓಡಿಸ್ರಿ. ಯಾವುದಾದ್ರೂ ಕುರಿ ಹಿಂಡಿನ ಬೆನ್ನಿಗೆ ಬಿಡ್ರಿ. ಅಲ್ಲಿನ ನಾಯಿಗೋಳು ಏನ ತಿಂತಾವ, ಅದನ್ನ ತಿನ್ನಲಿ."

ವರ್ತಕನಿಗೆ ಕೆಡುಕೆನಿಸಿತು. "ಔಷಧ ಇಲ್ಲ ಅಂತ ಹೇಳಾಕ ಇಷ್ಟು ದಕ್ಷಿಣೆ ಏನ್ರಿ?"

"ಔಷಧ ಇಲ್ಲ ಅನ್ನೋದನ್ನ ಕಲಿಯಾಕ ನನಗ ಅರ್ಧ ಆಯುಷ್ಯ ಹಿಡೀತು. ಅದರ ಬೆಲೆ ಅದು," ಎಂದರು ವೈದ್ಯರು.

ಈ ಮಾತು ಕೇಳಿ ವರ್ತಕನಿಗೆ ಸಮಾಧಾನವಾಯಿತು. ಸಲಹೆ ಪುಕ್ಕಟೆಯಾಗಿದ್ದರೆ ಅವನು ನಂಬುತ್ತಿರಲಿಲ್ಲ.

ಊರ ಹೊರಗೆ ಒಬ್ಬ ಕುರಿಗಾಹಿ ಬೀಡುಬಿಟ್ಟಿದ್ದ. ಅಲೆಮಾರಿ. ಪೈರು ತೆಗೆದ ಹೊಲಗಳಲ್ಲಿ ಗೊಬ್ಬರಕ್ಕೆಂದು ರೈತರು ಅವನ ಹಿಂಡು ನಿಲ್ಲಿಸಿಕೊಳ್ಳುತ್ತಿದ್ದರು. ವರ್ತಕ ಹೀರಾನನ್ನು ಆಳಿನ ಜೊತೆ ಅಲ್ಲಿಗೆ ಕಳಿಸಲು ನೋಡಿದ. ಆಳು ಎಬ್ಬಿಸಿದರೆ ಹೀರಾ ಬಾಗಿಲವರೆಗೆ ತೆವಳಿ ಅಲ್ಲೇ ಮಲಗಿತು. ಒಡೆಯನಿಲ್ಲದೆ ಹೆಜ್ಜೆ ಇಡಲೊಲ್ಲದು. ವರ್ತಕ ಬಂಡಿ ಕಟ್ಟಿಸಿ, ತಾನು ಒಳಗೆ ಕೂತು, ಹೀರಾ ಹಿಂದೆ ನಡೆದು ಬರಲಿ ಎಂದ. ಹೀರಾ ಬಂಡಿಯ ಗಾಲಿಗೆ ಮೂತಿ ಒತ್ತಿ, ತನ್ನನ್ನೂ ಹತ್ತಿಸಿಕೊ ಎಂಬಂತೆ ಮೇಲೆ ನೋಡಿತು. ವರ್ತಕ ಬಂಡಿಯಿಂದ ಇಳಿದ. ಅವನು ಪಕ್ಕದಲ್ಲಿ ನಿಂತದ್ದೇ ಹೀರಾ ತಡವರಿಸುತ್ತ ಎದ್ದು ನಿಂತಿತು.

ಪೇಟೆಯ ನಡುವೆ, ಹಾಡುಹಗಲಲ್ಲಿ, ಕುಂಟುವ ನಾಯಿಯ ಜೊತೆ ನಡೆದ.

"ಏನ್ರಿ ಸಾವ್ಕಾರ್ರ, ಹತ್ತಿ ಬಿಟ್ಟು ಉಣ್ಣೆ ವ್ಯಾಪಾರಕ್ಕ ಇಳಿದ್ರೇನು?" ಎಂದು ಎಣ್ಣೆ ವರ್ತಕನೊಬ್ಬ ಅಂಗಡಿಯ ಕಟ್ಟೆಯಿಂದ ಕೂಗಿದ.

"ಅರಮನಿ ವೈದ್ಯರು ಹೇಳಿದ ಚಿಕಿತ್ಸೆ ಇದು. ನಿನ್ನ ನಾಯಿಗೆ ಯಾರು ಏನ ಹೇಳ್ಯಾರ?" ಎಂದ ವರ್ತಕ, ತಲೆಯೆತ್ತಿ.

ಹೀಗೆ ದಿನವೂ ನಡೆಯಿತು. ವರ್ತಕ ಕುರಿಗಳ ಹಿಂದೆ ನಡೆದ. ಧೋತರದ ಅಂಚಿಗೆ ಕೆಸರು ಅಂಟಿತು. ಹೀರಾ ಮೊದಮೊದಲು ನಾಲ್ಕು ಹೆಜ್ಜೆಗೊಮ್ಮೆ ಮಲಗುತ್ತಿತ್ತು. ಕುರಿಗಾಹಿಯ ನಾಯಿಗಳು ಅದನ್ನು ಮೂಸಿ ನೋಡಿ ತಮ್ಮ ಪಾಡಿಗೆ ಹೋಗುತ್ತಿದ್ದವು. ಹಸಿವಾದಾಗ ಹೀರಾ ಅವುಗಳ ಜೊತೆ ಮಣ್ಣಿನ ಬೋಗುಣಿಗೆ ಬಾಯಿ ಹಾಕಿ ಜೋಳದ ಅಂಬಲಿ ನೆಕ್ಕಿತು. ಮೈ ಇಳಿಯಿತು. ಪಾದ ಗಟ್ಟಿಯಾಯಿತು. ನಡು ಮತ್ತೆ ಕಾಣಿಸಿತು.

ಒಂದು ದಿನ ಬದುವಿನಿಂದ ಮೊಲವೊಂದು ಎದ್ದಿತು. ಹೀರಾ ಹಾರಿತು. ಮೈ ಬಿಲ್ಲಿನಂತೆ ಬಾಗಿತು, ಚಾಚಿತು. ನಾಲ್ಕು ಕಾಲೂ ನೆಲ ಬಿಟ್ಟವು. ಕಪ್ಪು ನೆಲದ ಮೇಲೆ ಗೆರೆ ಎಳೆದಂತೆ ಹೊಲದ ಆ ಕೊನೆ ಮುಟ್ಟಿತು. ಮೊಲ ತಪ್ಪಿಸಿಕೊಂಡಿತು. ಹೀರಾ ನಾಲಗೆ ಚಾಚಿಕೊಂಡು ತಿರುಗಿ ಬಂತು.

ತಾನು ತಂದದ್ದು ಏನನ್ನು ಎಂದು ವರ್ತಕ ಮೊದಲ ಬಾರಿಗೆ ನೋಡಿದ್ದು ಆಗ. ಬೆಲೆ ಊಹಿಸಲು ಸುತ್ತ ಯಾರೂ ಇರಲಿಲ್ಲ. ಆದರೂ ಅವನ ಎದೆ ಉಬ್ಬಿತು. ಅಂಥ ಹೆಮ್ಮೆಯನ್ನು ಅವನು ಹಿಂದೆಂದೂ ಅನುಭವಿಸಿರಲಿಲ್ಲ.

ಅಷ್ಟರಲ್ಲಿ ಹೊಲಗಳಲ್ಲಿ ಮೇವು ಮುಗಿಯಿತು. "ನಾಳೆ ಹೊಳಿ ದಾಟಿ ಹೋಗ್ತೀವ್ರಿ, ಧಣ್ಯಾರ," ಎಂದ ಕುರಿಗಾಹಿ.

ವರ್ತಕ ಹೆಗಲ ಮೇಲಿನ ವಲ್ಲಿ ತೆಗೆದು ಬಲಗೈ ಮೇಲೆ ಹಾಕಿಕೊಂಡು ಮುಂದೆ ಚಾಚಿದ. "ಹಿಂಡೆಲ್ಲಾ ನಾನ ಕೊಳ್ತೀನಿ. ಬೆರಳು ಹಿಡಿ. ಇಲ್ಲೇ ಇರು."

ಕುರಿಗಾಹಿ ವಲ್ಲಿಯ ಕೆಳಗೆ ಕೈ ಹಾಕಲಿಲ್ಲ. "ಮುಚ್ಚಿಟ್ಟು ಹೇಳೋ ಮಾತಲ್ರಿ ಇದು. ಹುಲ್ಲು ಮುಗದ ಮ್ಯಾಲ ಕುರಿ ಯಾರ್ದಾದ್ರೂ ನಿಲ್ಲೂದಿಲ್ಲ. ನಾಯಿ ನಿಮ್ದು, ಕರಕೊಂಡು ಹೋಗ್ರಿ. ಆದ್ರ ಗ್ವಾಡಿ ಒಳಗ ಇಟ್ರ ಮತ್ತ ಬೀಳತದ. ಈ ಸಲ ಬಿದ್ರ ಏಳೂದಿಲ್ಲ."

"ನಾನ ದಿನಾ ಓಡಿಸ್ತೀನಿ."

"ಹತ್ತಿ ಸುಗ್ಗಿ ಬಂದ್ರ?"

ವರ್ತಕ ವಲ್ಲಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಸುಗ್ಗಿ ಹತ್ತಿರವಿತ್ತು. ಸುಗ್ಗಿ ಶುರುವಾದರೆ ಅವನಿಗೆ ಉಣ್ಣಲೂ ಪುರಸೊತ್ತಿರುತ್ತಿರಲಿಲ್ಲ. ಆಳಿನ ಜೊತೆ ಹೀರಾ ಹೋಗುತ್ತಿರಲಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

"ನನ್ನ ಕೂಡ ಬಿಡ್ರಿ. ಹಿಂಡಿನ ರೂಢಿ ಆಗೇದ, ಓಡಾಡಿಕೊಂಡು ಬದುಕತದ," ಎಂದ ಕುರಿಗಾಹಿ. "ಆದ್ರ ಒಂದ ಮಾತು. ಹೊಂಟಾಗ ನೀವು ಹೆಸರು ಹಿಡಿದು ಕರೀಬ್ಯಾಡ್ರಿ. ನೀವು ಕರೆದ್ರ ಅದು ಎಲ್ಲಾ ಬಿಟ್ಟು ಬರ್ತದ."

ವರ್ತಕ ಮನೆಗೆ ಬಂದು ಬೆಳ್ಳಿ ಬಟ್ಟಲನ್ನು ನೋಡುತ್ತ ಕೂತ. ಕೊನೆಗೆ ಬಿಟ್ಟುಕೊಡುವುದೆಂದು ತೀರ್ಮಾನಿಸಿದ. ಕಷ್ಟದ ತೀರ್ಮಾನ. ಮಾಡಿದ ಮೇಲೆ ಮನಸ್ಸು ಹಗುರವಾಯಿತು. ಇಷ್ಟು ಬೆಲೆಬಾಳುವುದನ್ನು ಅದರ ಒಳಿತಿಗೆಂದೇ ಬಿಟ್ಟುಕೊಟ್ಟವನು ಈ ಪೇಟೆಯಲ್ಲಿ ಮತ್ತೊಬ್ಬನಿಲ್ಲ ಎನಿಸಿತು. ಅದು ನಿಜವೂ ಆಗಿತ್ತು. ಆದರೆ ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಲು ಅವನಿಂದ ಆಗಲಿಲ್ಲ. ಪೇಟೆಗೆ ಹೋಗಿ ಹೇಳಿದ.

ಮರುದಿನ ಬೆಳಿಗ್ಗೆ ಪೇಟೆಯ ವರ್ತಕರೆಲ್ಲ ನೋಡಲು ಬಂದರು.

ಹಿಂಡು ಹೊರಟಿತು. ಹೀರಾ ಕುರಿಗಳ ಜೊತೆ ನಡೆಯಿತು. ದಾರಿ ತಿರುಗುವಲ್ಲಿ ನಿಂತು ಹಿಂದೆ ನೋಡಿತು. ವರ್ತಕ ತುಟಿ ಬಿಗಿಹಿಡಿದು ನಿಂತಿದ್ದ. "ದೊಡ್ಡ ಮನಸ್ಸು," ಎಂದರು ಯಾರೋ. "ನಮ್ಮ ಕೈಲಿ ಆಗ್ತಿರಲಿಲ್ಲ," ಎಂದರು ಇನ್ನೊಬ್ಬರು. ವರ್ತಕನ ಕಣ್ಣು ತುಂಬಿತು. ಆದರೂ ಅವನು ನೆಟ್ಟಗೆ ನಿಂತೇ ಇದ್ದ.

ಆಗ ಎಣ್ಣೆ ವರ್ತಕ ನಕ್ಕ. "ನೀವು ಬಿಟ್ರಿ ಅಂತೀರಿ, ಸಾವ್ಕಾರ್ರ. ಅದ ನಿಮ್ಮನ್ನ ಬಿಟ್ಟು ಹೊಂಟೇತಿ ಅಂತೀನಿ ನಾ. ಕುರಿಯವನ ಅಂಬಲಿ ಮುಂದ ನಿಮ್ಮ ಬದಾಮಿ ಸೋತಿತು ನೋಡ್ರಿ. ಈಗ ಕರದ್ರ ತಿರುಗಿ ಬರ್ತದೇನು?"

ಎರಡು ಮೂರು ಮಂದಿ ಕಿಸಕ್ಕನೆ ನಕ್ಕರು. ಹೊಗಳುತ್ತಿದ್ದವರೂ ಈಗ ವರ್ತಕನ ಮುಖ ನೋಡಿದರು. ಕರೆದರೆ ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅಲ್ಲಿದ್ದ ಇನ್ನಾರಿಗೂ ಗೊತ್ತಿರಲಿಲ್ಲ. ಸಾಬೀತು ಮಾಡಲು ಒಂದು ಕೂಗು ಸಾಕಿತ್ತು. ಬರೀ ಒಂದು ಹೆಸರು. ದೂರದಲ್ಲಿ ಕುರಿಗಾಹಿ ಬೇಡ ಬೇಡವೆಂದು ಕೈಯಾಡಿಸುತ್ತಿದ್ದ. ಹೀರಾ ಒಂದು ಮುಂಗಾಲು ಎತ್ತಿಕೊಂಡು ಇನ್ನೂ ನಿಂತೇ ಇತ್ತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಕಾದ. ತಡೆಯಲಾರದೆ ಕೇಳಿದ: "ಕರೆದನೆ, ಗುರುಗಳೇ?"

"ಕರೆದ. ಆ ಗೋಡೆಯೊಳಕ್ಕೆ ಮರಳಿದರೆ ತನಗೆ ಎಷ್ಟು ಖರ್ಚಾಗುತ್ತದೆ ಎಂದು ಕೇಳದೆ ಹೀರಾ ಓಡಿ ಬಂತು."