ರಿಫ್ಲೆಕ್ಟರಿಗೆ ಹಾಕಿದ ಹಾರ

ಆಯುಧಪೂಜೆಯ ದಿನ ಯಂಕೋಬ ತನ್ನ ಸೈಕಲ್ಲು ತೊಳೆದು, ಕುಂಕುಮ ಹಚ್ಚಿ, ಹಿಂದಿನ ಮಡ್‌ಗಾರ್ಡಿಗೆ ಚೆಂಡುಹೂವಿನ ದಪ್ಪ ಹಾರ ಕಟ್ಟಿದ. ಅಲ್ಲಿದ್ದ ಕೆಂಪು ರಿಫ್ಲೆಕ್ಟರ್ ಪೂರ್ತಿ ಮುಚ್ಚಿಹೋಯಿತು.

ಮುಸ್ಸಂಜೆ ಹೆದ್ದಾರಿಗೆ ಬಂದಾಗ ರಿಫ್ಲೆಕ್ಟರ್ ಚಡಪಡಿಸಿತು. “ಹಾರವೇ, ಸ್ವಲ್ಪ ಸರಿ. ಹಿಂದೆ ಲಾರಿ ಬರುತ್ತಿದೆ.”

“ನಾನೇಕೆ ಸರಿಯಲಿ? ನಿನಗೆ ಮರ್ಯಾದೆ ಮಾಡಲೆಂದೇ ಬಂದವನು ನಾನು.”

“ಮರ್ಯಾದೆ ಆಮೇಲೆ ಮಾಡು! ಲಾರಿಯ ಬೆಳಕು ನನ್ನ ಮೇಲೆ ಬೀಳದಿದ್ದರೆ ನಾನು ಹೊಳೆಯುವುದು ಹೇಗೆ?”

“ಪೂಜೆಯಾದ ಸೈಕಲ್ಲಿಗೆ ಯಾವ ಲಾರಿಯ ಭಯ?” ಎಂದು ಹಾರ ನಕ್ಕಿತು.

ಅಷ್ಟರಲ್ಲಿ ಲಾರಿಯ ಬ್ರೇಕು ಕಿರುಚಿತು. ಬಂಪರ್ ಹಾರವನ್ನು ಕಿತ್ತುಕೊಂಡು ಹೋಯಿತು. ಯಂಕೋಬ ಸೈಕಲ್ ಸಮೇತ ರಸ್ತೆಯಂಚಿಗೆ ಉರುಳಿದ. ಮೊಣಕೈ ತರಚಿತು, ಜೀವ ಉಳಿಯಿತು. ಆಮೇಲೆ ಬಂದ ಲಾರಿಗಳೆಲ್ಲ ನೆಲದಲ್ಲಿ ಹೊಳೆಯುವ ಕೆಂಪು ಕಂಡು ದೂರ ಸರಿದು ಹೋದವು.

ಮರುದಿನ ಯಂಕೋಬನ ಹೆಂಡತಿ ಕಣ್ಣೊರೆಸಿಕೊಂಡು, “ನಿನ್ನೆಯ ಪೂಜೆಯೇ ನಿಮ್ಮನ್ನು ಕಾಪಾಡಿತು ನೋಡಿ” ಎಂದಳು. ಅವನು ಹೌದೆಂದು ತಲೆಯಾಡಿಸಿ, ಪೇಟೆಗೆ ಹೋಗಿ, ಮೊದಲಿನದಕ್ಕಿಂತ ದೊಡ್ಡ ಹಾರ ತಂದ.

“ಅಯ್ಯಾ ಹಾರವೇ, ನೀನಾದರೂ ಸ್ವಲ್ಪ...” ಎಂದು ರಿಫ್ಲೆಕ್ಟರ್ ಶುರುಮಾಡಿತು. ಮಾತು ಮುಗಿಯುವ ಮೊದಲೇ ಯಂಕೋಬ ಅದರ ಮೇಲೆ ಗಂಟು ಬಿಗಿದು, ಕೈಮುಗಿದ.