ಬರ ಓಡಿಹೋಯಿತೆಂದ ಮಂತ್ರಿ

ಗಲಾಟೆ ಬೇಡ, ನೆಟ್ಟಗೆ ಕೂತು ಕೇಳಿ. ಮೋಡ ಬಂದರೂ ಮುಖ ತೋರಿಸಿ ಹಾಗೇ ಹೋಗಿಬಿಡುವ ಒಂದು ಬಯಲುಸೀಮೆ. ಅಲ್ಲಿ ಮಲ್ಲರಸನೆಂಬ ಎಳೆಯ ರಾಜನಿದ್ದ. ಊರಿಗೆಲ್ಲ ಒಂದೇ ಕೆರೆ. ಅವನು ಪಟ್ಟಕ್ಕೆ ಬಂದಾಗಿನಿಂದ ವರ್ಷವರ್ಷವೂ ಅದು ತುಂಬಿ ಕೋಡಿ ಹರಿಯಿತು. "ದೊರೆಯ ಕಾಲ್ಗುಣ!" ಎಂದರು ಜನ. ರಾಜ ತನ್ನ ಕಾಲನ್ನು ತಾನೇ ನೋಡಿಕೊಂಡು ಹಿಗ್ಗಿದ.

ಮಂತ್ರಿ ದೇವಪಯ್ಯನಿಗೆ ಕೆರೆಯಂಗಳದ ಮಣ್ಣಿನ ಮೇಲೆ ಕಣ್ಣು. ಅಲ್ಲಿ ಎಲೆತೋಟ ಹಾಕುವ ಆಸೆ. ಒಂದು ದಿನ ತುಂಬಿದ ಸಭೆಯಲ್ಲಿ ಅವನು ರಾಜನಿಗೆ ಹೇಳಿದ,

"ಮಹಾಸ್ವಾಮಿ, ತಮ್ಮ ಕಾಲ್ಗುಣಕ್ಕೆ ಹೆದರಿ ಬರ ದೇಶಬಿಟ್ಟು ಓಡಿದೆ. ಇನ್ನು ಕೆರೆ ಯಾಕೆ? ಏರಿ ಒಡೆಸಿ ಅಂಗಳ ನನಗೆ ಕೊಡಿ. ಸಾಕ್ಷಿಗಳನ್ನೂ ತಂದಿದ್ದೇನೆ."

ಕಪ್ಪೆ ಹೇಳಿತು, "ನಾನು ಹುಟ್ಟಿದಾಗಿನಿಂದ ಮಳೆಯೋ ಮಳೆ."

ನೀರು ತುಂಬಿದ ಕೊಡದೊಳಗಿಂದ ಮೀನು ಹೇಳಿತು, "ನೀರಿಲ್ಲದ ಜಾಗ ನಾನು ಕಂಡೇ ಇಲ್ಲ."

ಕೊಕ್ಕರೆ ಹೇಳಿತು, "ನಾನು ಇಳಿದಲ್ಲೆಲ್ಲ ನೀರಿದೆ."

ರಾಜ ತಲೆದೂಗಿದ. ಅಷ್ಟರಲ್ಲಿ ಕೆರೆಯ ಆಮೆಯಜ್ಜಿಗೆ ಸುದ್ದಿ ಮುಟ್ಟಿತು. ಅವಳು ತೆವಳಿಕೊಂಡು ಬರುವ ಹೊತ್ತಿಗೆ ಸಭೆಯವರು ಊಟ ಮುಗಿಸಿ ಒಂದು ನಿದ್ದೆಯನ್ನೂ ತೆಗೆದಿದ್ದರು.

"ಕಪ್ಪೆಮ್ಮಾ, ನೀನು ಹುಟ್ಟಿದ್ದು ಯಾವಾಗ?"

"ಹೋದ ವರ್ಷ, ಅಜ್ಜಿ."

"ಮೀನಪ್ಪಾ, ನೀರಿಲ್ಲದ ಜಾಗಕ್ಕೆ ಹೋದ ನಿನ್ನ ನೆಂಟರು ಏನಂತಾರೆ?"

"ಹೋದವರು ಯಾರೂ ತಿರುಗಿ ಬರಲಿಲ್ಲ, ಅಜ್ಜಿ."

"ಕೊಕ್ಕರೆಯಪ್ಪಾ, ಕೆರೆ ಬತ್ತಿದರೆ?"

"ಬೇರೆ ಊರಿಗೆ ಹಾರುತ್ತೇನೆ, ಅಜ್ಜಿ."

ಸಭೆ ಗೊಳ್ಳೆಂದು ನಕ್ಕಿತು.

"ಮಗಾ," ಎಂದಳು ಆಮೆಯಜ್ಜಿ ರಾಜನಿಗೆ, "ನಿನ್ನ ಮುತ್ತಜ್ಜನ ಕಾಲದಲ್ಲೂ ಸಾಲಾಗಿ ಮಳೆ ಬಂತು, ಆಮೇಲೆ ಸಾಲಾಗಿ ಬರ ಬಂತು. ಅಜ್ಜನ ಕಾಲದಲ್ಲೂ ಹಾಗೇ, ಅಪ್ಪನ ಕಾಲದಲ್ಲೂ ಹಾಗೇ. ಈ ಸೀಮೆಯ ಮಳೆಯ ರೀತಿಯೇ ಅದು, ಯಾರ ಕಾಲನ್ನೂ ಅದು ನೋಡುವುದಿಲ್ಲ. ಆದರೂ ಮಂತ್ರಿಗಳಿಗೆ ಕೆರೆ ಕೊಟ್ಟುಬಿಡು. ಒಂದೇ ಷರತ್ತು. ಇವತ್ತಿನಿಂದ ಅವರ ಮನೆಯ ಬಾವಿ ಮುಚ್ಚಬೇಕು. ಸೂರಿನಿಂದ ಸುರಿದ ನೀರನ್ನಷ್ಟೇ ಅವರು ಕುಡಿಯಬೇಕು."

ದೇವಪಯ್ಯ ಹೌಹಾರಿದ. "ಅಯ್ಯಯ್ಯೋ! ಮಳೆ ಬಾರದಿದ್ದರೆ?"

ಹೇಳಿದ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಏನು ಪ್ರಯೋಜನ!

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಂತ್ರಿಗಳೇ, ಬರ ಎಲ್ಲೂ ಓಡಿಲ್ಲ ಅಂತ ನಿಮಗೆ ಚೆನ್ನಾಗಿ ಗೊತ್ತು! ಬನ್ನಿ, ಪೇಟ ಇಳಿಸಿ. ಈ ಬೇಸಿಗೆ ನಾವಿಬ್ಬರೂ ಹೂಳೆತ್ತೋಣ."

ರಾಜ ಅಗೆದ, ಮಂತ್ರಿ ಬುಟ್ಟಿ ಹೊತ್ತ, ಊರವರು ಹಾಡು ಹೇಳಿ ಕುಣಿದರು. ಕೆರೆ ಆಳವಾಯಿತು, ಮಳೆಗೆ ತುಂಬಿತು. ಮುಂದೆ ಬರ ಬಂದೇ ಬಂತು. ಆದರೆ ಯಾರ ಬಿಂದಿಗೆಯೂ ಬರಿದಾಗಲಿಲ್ಲ.

ನೀತಿ ಇಷ್ಟೇ: ನಾಲ್ಕು ಒಳ್ಳೆಯ ವರ್ಷ ಕಂಡು ಮಳೆಯನ್ನು ನಂಬಬೇಡಿ. ಹಿಂದಿನ ತಲೆಮಾರುಗಳು ಕಂಡದ್ದನ್ನು ಕೇಳಿ ತಿಳಿಯಿರಿ. ನೀರಿರುವಾಗಲೇ ಬರಗಾಲಕ್ಕೆ ಸಿದ್ಧರಾಗಿರಿ.